ಮೊದಲು ಊಟ, ಆಮೇಲೆ ಮಾತು: ಈಟಿಂಗ್ ಡಿಸಾರ್ಡರ್‌ನಿಂದ ಹೊರಬರಲು ಕ್ರೈಸ್ತ ವಿಶ್ವಾಸಿಗೊಂದು ಮಾರ್ಗದರ್ಶಿ

"ಉಪವಾಸ ಇದ್ದೇನೆ" ಎಂದು ಹೇಳಿ ಊಟ ತಪ್ಪಿಸುವುದು ಸಭೆಯ ನಡುವೆ ಬಹಳ ಸುಲಭ. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಒಬ್ಬಿಬ್ಬರು ಮೆಚ್ಚಿಕೊಂಡು "ನಮಗಾಗಿಯೂ ಪ್ರಾರ್ಥಿಸು" ಎನ್ನುತ್ತಾರೆ. ಊಟವನ್ನು ಕಂಡರೆ ಹೆದರುವ ವಿಶ್ವಾಸಿಗೆ ಇದಕ್ಕಿಂತ ಒಳ್ಳೆಯ ಅಡಗುತಾಣ ಸಿಗಲಾರದು. ಶಿಸ್ತು, ಸಂಯಮ, ಶರೀರವನ್ನು ಅಧೀನಕ್ಕೆ ತರುವುದು, ಹೊಟ್ಟೆಬಾಕತನದ ಪಾಪ ಎಂಬ ಮಾತುಗಳನ್ನೆಲ್ಲ ಕಾಯಿಲೆ ತನ್ನದಾಗಿಸಿಕೊಂಡು ಬಿಡುತ್ತದೆ. ಅವು ಸತ್ಯವೇದದಲ್ಲಿಯೇ ಇರುವ ಮಾತುಗಳಾದ್ದರಿಂದ ಎದುರಾಡುವುದೂ ಕಷ್ಟ.

ಊಟ ಬಿಡುತ್ತಾ ಬಿಡುತ್ತಾ ಸೊರಗಿಹೋಗುವ ಅನೊರೆಕ್ಸಿಯಾ, ಒಮ್ಮೆಲೇ ವಿಪರೀತ ತಿಂದು ಆಮೇಲೆ ಅದನ್ನು ಹೇಗಾದರೂ ಹೊರಹಾಕುವ ಬುಲಿಮಿಯಾ, ಹಾಗೆಯೇ ತಿಂದು ನಾಚಿಕೆಯಲ್ಲಿ ಮುಳುಗುವ ಬಿಂಜ್ ಈಟಿಂಗ್: ಈ ಮೂರರಲ್ಲಿ ಯಾವುದು ನಿಮ್ಮದಾದರೂ ಈ ಬರಹ ನಿಮಗಾಗಿ. ಮೂರನೆಯದಕ್ಕೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಸ್ವತಂತ್ರ ಸ್ಥಾನ ಸಿಕ್ಕಿದ್ದೇ 2013ರಲ್ಲಿ. ಅದನ್ನು ಇಂದಿಗೂ ನಾಲಿಗೆ ಚಪಲ ಎಂದೇ ತಿಳಿದು ತಮ್ಮನ್ನು ತಾವು ಬೈದುಕೊಳ್ಳುವವರಿದ್ದಾರೆ. "ನಾನೇನೂ ಸಣಕಲಾಗಿಲ್ಲವಲ್ಲ, ನನಗೆಂಥ ಕಾಯಿಲೆ" ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಎಂಥ ಮೈಕಟ್ಟಿನವರಿಗೂ, ಯಾವ ವಯಸ್ಸಿನವರಿಗೂ, ಗಂಡಸರಿಗೂ ಇದು ಬರುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯಲ್ಲಿ ವಿಶ್ವಾಸ ಮಾಡಬೇಕಾದ ಮುಖ್ಯ ಕೆಲಸ ಉಣ್ಣಲು ಅಪ್ಪಣೆ ಕೊಡುವುದು. ಅದು ಇನ್ನೊಂದು ನಿಯಮಾವಳಿಯಾಗಿ ನಿಂತರೆ ಕಾಯಿಲೆಯ ಪಕ್ಷ ಸೇರಿದಂತೆಯೇ.

1. ಮೊದಲು ದೇಹವನ್ನು ವೈದ್ಯರಿಗೆ ತೋರಿಸಿ

ಪ್ರಾರ್ಥಿಸಿ ನೋಡೋಣ, ಆಗದಿದ್ದರೆ ವೈದ್ಯರ ಬಳಿ ಹೋಗೋಣ ಎಂಬ ಕ್ರಮ ಬೇಡ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಪದೇ ಪದೇ ವಾಂತಿ ಮಾಡಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಸಿಯಮ್ ಕುಸಿದು ಹೃದಯದ ಬಡಿತ ತಪ್ಪಬಹುದು. ಹಲ್ಲಿನ ಹೊರಪದರ ಸವೆಯುತ್ತದೆ, ಮೂಳೆ ಟೊಳ್ಳಾಗುತ್ತದೆ, ಮುಟ್ಟು ನಿಲ್ಲುತ್ತದೆ. ಹೊರನೋಟಕ್ಕೆ ಗಟ್ಟಿಮುಟ್ಟಾಗಿ ಕಾಣುವವರಲ್ಲೂ ಒಳಗೆ ಇದೆಲ್ಲ ನಡೆದಿರಬಹುದು. ವೈದ್ಯರ ಬಳಿ ಹೋದಾಗ ತಲೆಸುತ್ತು, ಸುಸ್ತು ಎಂದು ಹೇಳಿ ಸುಮ್ಮನಾಗಬೇಡಿ. ಊಟ ಬಿಡುತ್ತಿರುವುದನ್ನೂ ವಾಂತಿಯನ್ನೂ ಭೇದಿ ಮಾತ್ರೆಯನ್ನೂ ಹೆಸರು ಹಿಡಿದು ಹೇಳಿ. ರಕ್ತಪರೀಕ್ಷೆ ಮತ್ತು ಇಸಿಜಿ ಸಾಮಾನ್ಯವಾಗಿ ಮೊದಲ ಹೆಜ್ಜೆ. ವರದಿ ಸರಿಯಾಗಿ ಬಂದಿತೆಂದರೆ ಅಪಾಯವಿಲ್ಲ ಎಂದರ್ಥವಲ್ಲ.

ಮೂರ್ಛೆ, ಎದೆನೋವು, ತಪ್ಪಿ ತಪ್ಪಿ ಬಡಿಯುವ ಹೃದಯ, ವಾಂತಿಯಲ್ಲಿ ರಕ್ತ, ನೀರೂ ಹೊಟ್ಟೆಯಲ್ಲಿ ನಿಲ್ಲದ ಸ್ಥಿತಿ, ಸಾಯುವ ಯೋಚನೆ: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ತೂಕಕ್ಕಾಗಿ ಅದನ್ನು ತಪ್ಪಿಸುತ್ತಿದ್ದರೆ ಅದೂ ತುರ್ತಿನ ವಿಷಯವೇ.

ಇನ್ನೊಂದು ಎಚ್ಚರಿಕೆ. ಬಹುಕಾಲ ಸರಿಯಾಗಿ ಉಣ್ಣದವರು ಹುಮ್ಮಸ್ಸಿನಲ್ಲಿ ಒಮ್ಮೆಲೇ ತುಂಬ ತಿನ್ನಲು ಶುರು ಮಾಡಿದರೆ ರಕ್ತದ ಫಾಸ್ಫೇಟ್ ಥಟ್ಟನೆ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಎಷ್ಟರಿಂದ ಆರಂಭಿಸಬೇಕು, ಹೇಗೆ ಏರಿಸಬೇಕು ಎಂಬುದನ್ನು ವೈದ್ಯರೂ ಆಹಾರತಜ್ಞರೂ ನಿರ್ಧರಿಸಲಿ.

ಪ್ರಾರ್ಥನೆ ಒಣಗಿಹೋಗಿದೆ, ವಾಕ್ಯ ಓದಿದರೆ ತಲೆಗೆ ಹತ್ತುವುದಿಲ್ಲ, ದಿನವಿಡೀ ಊಟದ್ದೇ ಧ್ಯಾನ ಎಂದು ಕುಗ್ಗಿರುವವರು ಒಂದು ಪ್ರಯೋಗದ ಬಗ್ಗೆ ತಿಳಿಯಬೇಕು. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿ ಇರಿಸಿದರು. ಅವರೆಲ್ಲ ಸ್ವಇಚ್ಛೆಯಿಂದ ಬಂದವರು, ಆತ್ಮಸಾಕ್ಷಿಗೆ ಒಪ್ಪದೆಂದು ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಕ್ವೇಕರ್, ಮೆನ್ನೊನೈಟ್, ಬ್ರೆದ್ರೆನ್ ಸಭೆಗಳಿಂದ ಬಂದವರು ಅವರಲ್ಲಿ ಹಲವರಿದ್ದರು. ತೂಕ ಸುಮಾರು ಕಾಲುಭಾಗ ಇಳಿಯುವ ಹೊತ್ತಿಗೆ ಅವರಿಗೆ ಊಟ ಬಿಟ್ಟರೆ ಬೇರೆ ಯೋಚನೆಯೇ ಇರಲಿಲ್ಲ. ಅಡುಗೆ ಪುಸ್ತಕಗಳನ್ನು ಕೂಡಿಟ್ಟರು, ತಟ್ಟೆ ನೆಕ್ಕಿದರು, ಗೆಳೆಯರಿಂದ ದೂರವಾದರು, ಮಂಕಾದರು, ಸಣ್ಣದಕ್ಕೂ ಸಿಡುಕಿದರು. ಯುದ್ಧಕಾಲದಲ್ಲಿ ಸರ್ಕಾರಕ್ಕೇ ಬೇಡವೆನ್ನುವಷ್ಟು ಗಟ್ಟಿ ಮನಸ್ಸಿನವರು ಇವರು. ಹಸಿವು ಅವರಿಗೇ ಹಾಗೆ ಮಾಡಿತೆಂದರೆ ನಿಮ್ಮ ಮಂಕು ನಂಬಿಕೆಯ ಕೊರತೆಯಲ್ಲ. ಹೊಟ್ಟೆಗೂ ಮಿದುಳಿಗೂ ಆಹಾರ ಸಿಕ್ಕ ಮೇಲೆ ಪ್ರಾರ್ಥನೆಯ ಬಗ್ಗೆ ಯೋಚಿಸಿದರಾಯಿತು.

2. ಒಬ್ಬರಿಗೆ ಬಾಯಿಬಿಟ್ಟು ಹೇಳಿ

ಈ ಕಾಯಿಲೆ ಬದುಕುವುದು ಗುಟ್ಟಿನಲ್ಲಿ. ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ, ಆಗ ಸ್ವಸ್ಥವಾಗುವಿರಿ ಎಂದು ಯಾಕೋಬನ ಪತ್ರ ಹೇಳುವಾಗ (5:16) ಅದರಲ್ಲಿ ಇನ್ನೊಬ್ಬ ಮನುಷ್ಯ ಇದ್ದೇ ಇದ್ದಾನೆ. ದೇವರಿಗಷ್ಟೇ ಹೇಳಿ ಮುಗಿಸಿದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ.

ಯಾರಿಗೆ ಹೇಳಬೇಕು? ಸದಾ ಡಯಟ್ ಮಾತನಾಡುವವರಿಗೆ ಬೇಡ. ಕೇಳಿದೊಡನೆ ಪ್ರಾರ್ಥನಾ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಹಾಕುವವರಿಗಂತೂ ಬೇಡವೇ ಬೇಡ. ಬಾಯಿ ಬಿಗಿಹಿಡಿಯಬಲ್ಲ, ನಿಮ್ಮೊಂದಿಗೆ ಊಟಕ್ಕೆ ಕೂರಬಲ್ಲ ಒಬ್ಬರು ಸಾಕು. ಮಾತು ಹೊರಡದಿದ್ದರೆ ಇಷ್ಟನ್ನು ಬರೆದು ಕೊಡಿ: "ಊಟದ ವಿಷಯದಲ್ಲಿ ನನಗೆ ಕಾಯಿಲೆಯಿದೆ. ಬಹಳ ದಿನದಿಂದ ಮುಚ್ಚಿಟ್ಟಿದ್ದೇನೆ. ವೈದ್ಯರ ಬಳಿ ಹೋಗಲು ನೀವು ಜೊತೆಗೆ ಬರಬೇಕು." ಕಾರಣಗಳನ್ನು, ತೂಕದ ಅಂಕಿಗಳನ್ನು, ಹಳೆಯ ಕಥೆಗಳನ್ನು ಆಗಲೇ ಬಿಚ್ಚಬೇಕಿಲ್ಲ.

3. ಉಪವಾಸವನ್ನು ಪೂರ್ತಿ ನಿಲ್ಲಿಸಿ

ಅರ್ಧ ದಿನದ್ದು, ಹಣ್ಣಿನದು, ಶುಭಶುಕ್ರವಾರದ್ದು ಎಂಬ ವಿನಾಯಿತಿ ಯಾವುದಕ್ಕೂ ಇಲ್ಲ. ಬಿಂಜ್ ಈಟಿಂಗ್ ಇರುವವರಿಗೂ ಇದೇ ಮಾತು. ಏಕೆಂದರೆ ಬಿಟ್ಟ ಊಟವೇ ಸಂಜೆಯ ವಿಪರೀತ ತಿನ್ನುವಿಕೆಯನ್ನು ಎಳೆದು ತರುತ್ತದೆ.

ಇದಕ್ಕೆ ಸಭೆಯ ಸಂಪ್ರದಾಯ ಅಡ್ಡಿಯೆಂದು ತಿಳಿದವರಿಗೆ ಒಂದು ಮಾತು. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಉಪವಾಸದ ಕಡ್ಡಾಯವಿರುವುದು 18 ತುಂಬಿದವರಿಂದ 59ರವರೆಗಿನವರಿಗೆ ಮಾತ್ರ. ಕಾಯಿಲೆಯವರಿಗೆ ಆ ವಯಸ್ಸಿನಲ್ಲೂ ಅದು ಅನ್ವಯಿಸುವುದಿಲ್ಲ. ನೀವು ಕಾಯಿಲೆಯವರು. ಯಾರ ಬಳಿಯೂ ಪ್ರತ್ಯೇಕ ಅನುಮತಿ ಬೇಡುವ ಅಗತ್ಯವಿಲ್ಲ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ನಿಮ್ಮ ಗುರುಗಳನ್ನೋ ಸಭಾಪಾಲಕರನ್ನೋ ಒಮ್ಮೆ ಕೇಳಿ. ಒಮ್ಮೆ ಮಾತ್ರ. ಸಿಕ್ಕ ಉತ್ತರವನ್ನು ಪಟ್ಟಾಗಿ ಹಿಡಿದುಕೊಳ್ಳಿ.

"ದಾನಿಯೇಲನ ಉಪವಾಸ" ಎಂಬ ಹೆಸರಿನಲ್ಲಿ ತರಕಾರಿ ಮಾತ್ರ ತಿಂದು ತೂಕ ಇಳಿಸುವ ಯೋಜನೆಗಳು ಓಡಾಡುತ್ತಿರುತ್ತವೆ. ದಾನಿಯೇಲನ ಗ್ರಂಥದ ಮೊದಲ ಅಧ್ಯಾಯದ 15ನೆಯ ವಚನವನ್ನು ಅವರು ಓದಿದಂತಿಲ್ಲ: ಹತ್ತು ದಿನ ತರಕಾರಿ ತಿಂದ ಮೇಲೆ ದಾನಿಯೇಲನೂ ಅವನ ಗೆಳೆಯರೂ ಉಳಿದವರಿಗಿಂತ ಪುಷ್ಟರಾಗಿ ಕಂಡರು!

ಸಂತರ ಉದಾಹರಣೆ ಎತ್ತುವವರೂ ಇದ್ದಾರೆ. ಸಿಯೆನಾದ ಸಂತ ಕ್ಯಾಥರೀನ್ ಅತಿ ಕಠಿಣವಾಗಿ ಊಟ ಬಿಟ್ಟವರು ನಿಜ. ಅವರು 1380ರಲ್ಲಿ ತೀರಿಕೊಂಡಾಗ ವಯಸ್ಸು 33. ಆದರೆ ಇತರರಂತೆ ಉಣ್ಣುವ ಹಾಗೆ ಮಾಡೆಂದು ದೇವರನ್ನು ಬೇಡಿಕೊಂಡಿದ್ದಾಗಿ ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಆ ಪ್ರಾರ್ಥನೆಯನ್ನು ಅನುಕರಿಸಿ, ಆ ತಟ್ಟೆಯನ್ನಲ್ಲ.

ತಪಸ್ಸುಕಾಲದಲ್ಲಿ ಏನನ್ನಾದರೂ ಬಿಡಲೇಬೇಕೆನಿಸಿದರೆ ತೂಕದ ಯಂತ್ರವನ್ನು ಬಿಡಿ. ಕ್ಯಾಲೊರಿ ಎಣಿಸುವ ಆ್ಯಪ್ ಅಳಿಸಿ. ಬೇರೆಯವರ ಮೈಕಟ್ಟಿನೊಂದಿಗೆ ಹೋಲಿಸಿಕೊಳ್ಳುವಂತೆ ಮಾಡುವ ಇನ್‌ಸ್ಟಾಗ್ರಾಮ್ ಖಾತೆಗಳನ್ನು ತೆಗೆದುಹಾಕಿ. ನಾನು ಮೆಚ್ಚುವ ಉಪವಾಸ ಯಾವುದೆಂದು ಯೆಶಾಯನ 58ನೆಯ ಅಧ್ಯಾಯದಲ್ಲಿ ದೇವರು ಹೇಳುವಾಗ ಮೊದಲು ಬರುವುದು ಕಟ್ಟುಗಳನ್ನು ಬಿಚ್ಚುವ ಮಾತು.

4. ಗಡಿಯಾರ ನೋಡಿ ಉಣ್ಣಿ

ಹಸಿವಾದಾಗ ತಿನ್ನುತ್ತೇನೆ ಎಂಬುದು ಆರೋಗ್ಯವಂತರ ಮಾತು. ಕಾಯಿಲೆಯಲ್ಲಿ ಹಸಿವಿನ ಸೂಚನೆಯೇ ಕೆಟ್ಟಿರುತ್ತದೆ. ಚಿಕಿತ್ಸಕರು ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ: ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿನಿಸು, ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿಲ್ಲ. ಏನು, ಎಷ್ಟು ಎಂಬುದನ್ನು ಆಹಾರತಜ್ಞರು ಬರೆದು ಕೊಡಲಿ. ಊಟದ ಹೊತ್ತಿಗೆ ಚೌಕಾಸಿ ಮಾಡಲು ಜಾಗವಿರಬಾರದು.

ಇನ್ನು ಊಟದ ಮುಂಚಿನ ಪ್ರಾರ್ಥನೆ. ತಟ್ಟೆ ಮುಂದಿದೆ, ಬೆರಳು ತಣ್ಣಗಾಗಿವೆ, ಕಣ್ಣು ಮುಚ್ಚಿದೆ. ಪ್ರಾರ್ಥನೆ ಉದ್ದವಾಗುತ್ತಿದೆ. ಲೋಕದ ಹಸಿದವರಿಗಾಗಿ, ಮಿಷನರಿಗಳಿಗಾಗಿ, ದೂರದ ಬಂಧುಗಳಿಗಾಗಿ. ಊಟ ಆರುತ್ತಿದೆ. ಇದು ಭಕ್ತಿಯಲ್ಲ, ತಪ್ಪಿಸಿಕೊಳ್ಳುವ ದಾರಿ. ಎರಡು ಮೂರು ಸಣ್ಣ ವಾಕ್ಯ ಸಾಕು: "ಕರ್ತನೇ, ಇದನ್ನು ಕೊಟ್ಟವನು ನೀನು. ನನಗೆ ಭಯವಾಗುತ್ತಿದೆ. ನಾನು ತಿನ್ನುತ್ತೇನೆ, ಜೊತೆಗಿರು." ಆಮೆನ್ ಎಂದೊಡನೆ ಮೊದಲ ತುತ್ತು ಬಾಯಿಗೆ ಹೋಗಬೇಕು. ಭಯ ಕಡಿಮೆಯಾಗುವವರೆಗೆ ಕಾಯಬೇಡಿ. ತಿಂದ ಮೇಲೆ ಕಡಿಮೆಯಾಗುತ್ತದೆ, ಅದೂ ನಿಧಾನವಾಗಿ, ನೂರಾರು ಊಟಗಳಾದ ಮೇಲೆ.

ಎಲೀಯನ ಕಥೆಯನ್ನು ಈ ಹಂತದಲ್ಲಿ ಓದಿ (1 ಅರಸುಗಳು 19). ಆತ ಅಡವಿಯಲ್ಲಿ ಪೊದೆಯ ಕೆಳಗೆ ಮಲಗಿ ಸಾವನ್ನು ಬೇಡುತ್ತಾನೆ. ದೇವದೂತ ಬಂದು ಬೈಯಲಿಲ್ಲ, ಬೋಧಿಸಲಿಲ್ಲ. ಎದ್ದು ಊಟಮಾಡು ಎಂದ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯಿತ್ತು, ತಂಬಿಗೆಯಲ್ಲಿ ನೀರಿತ್ತು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದು ತಿನ್ನಿಸಿದ, ಮುಂದಿನ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂಬ ಕಾರಣ ಕೊಟ್ಟು. "ಇಲ್ಲೇನು ಮಾಡುತ್ತಿದ್ದೀ" ಎಂಬ ದೇವರ ಪ್ರಶ್ನೆ ಬಂದದ್ದು ಅದಾಗಿ ನಲವತ್ತು ದಿನಗಳ ಮೇಲೆ. ಗಲಿಲಾಯ ಸಮುದ್ರದ ದಡದಲ್ಲಿ ಪೇತ್ರನಿಗೂ ಹೀಗೆಯೇ ಆಯಿತು: ಮೊದಲು ರೊಟ್ಟಿ ಮೀನಿನ ಉಪಾಹಾರ, ನಂತರ "ನನ್ನನ್ನು ಪ್ರೀತಿಸುತ್ತೀಯೋ" ಎಂಬ ಪ್ರಶ್ನೆ. ನಿಮ್ಮ ಆತ್ಮಿಕ ಲೆಕ್ಕಪತ್ರವೂ ಊಟವಾದ ಮೇಲೆ ತೆರೆಯಲಿ.

ಊಟ ಮುಗಿದ ನಂತರದ ಒಂದು ಗಂಟೆಯೇ ಅತಿ ಕಷ್ಟದ್ದು. ಅದನ್ನು ಮೊದಲೇ ತುಂಬಿಸಿಡಿ: ಯಾರ ಜೊತೆಗಾದರೂ ಕುಳಿತುಕೊಳ್ಳಿ, ಫೋನ್ ಮಾಡಿ, ಜೋರಾಗಿ ಕೀರ್ತನೆ ಹಾಡಿ, ಕೈಗೆ ಕೆಲಸ ಕೊಡಿ. ಆ ಹೊತ್ತು ಒಬ್ಬರೇ ಬಾಗಿಲು ಹಾಕಿಕೊಳ್ಳುವುದು ಬೇಡ.

5. ದನಿಗಳನ್ನು ಬೇರೆ ಮಾಡಿ

"ನನ್ನನ್ನು ಖಂಡಿಸುತ್ತಿರುವುದು ಪವಿತ್ರಾತ್ಮನೇ ಅಥವಾ ಕಾಯಿಲೆಯೇ?" ಎಂಬ ಪ್ರಶ್ನೆ ವಿಶ್ವಾಸಿಗಳನ್ನು ಬಹಳ ಕಾಡುತ್ತದೆ. ನಾನು ಬಳಸುವ ಅಳತೆ ಇದು. ದೇವರ ತಿದ್ದುವಿಕೆ ನಿರ್ದಿಷ್ಟವಾಗಿರುತ್ತದೆ, ಇಂಥವರ ಬಳಿ ಇಂಥ ಸುಳ್ಳು ಹೇಳಿದೆ, ಹೋಗಿ ಸರಿಪಡಿಸು ಎನ್ನುತ್ತದೆ. ಸರಿಪಡಿಸಿದ ಮೇಲೆ ಸುಮ್ಮನಾಗುತ್ತದೆ. ಕಾಯಿಲೆ ಇಡೀ ಮನುಷ್ಯನನ್ನೇ ಹೊಲಸು ಎನ್ನುತ್ತದೆ, ಯಾರಿಗೂ ಹೇಳಬೇಡ ಎನ್ನುತ್ತದೆ, ದಂಡವನ್ನು ದೇಹದಿಂದ ವಸೂಲಿ ಮಾಡು ಎನ್ನುತ್ತದೆ, ಎಷ್ಟು ಕಟ್ಟಿದರೂ ಸಾಲದು ಎನ್ನುತ್ತದೆ. ತಿಂದದ್ದಕ್ಕೆ ಪ್ರಾಯಶ್ಚಿತ್ತವಾಗಿ ಓಡುವುದು, ವಾಂತಿ ಮಾಡುವುದು, ಮರುದಿನ ಹಸಿದಿರುವುದು ಇವೆಲ್ಲ ಶಿಲುಬೆಯ ಕೆಲಸಕ್ಕೆ ಸ್ವಂತ ಕಂತು ಸೇರಿಸುವ ಪ್ರಯತ್ನ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯವೇ ಇಲ್ಲವೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯ ಆರಂಭದಲ್ಲೇ ಹೇಳುತ್ತದೆ.

ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ ಕೊನೆ ಇನ್ನೂ ನೇರ. ಹಿಡಿಯಬೇಡ, ರುಚಿನೋಡಬೇಡ, ಮುಟ್ಟಬೇಡ ಎಂಬ ನಿಯಮಗಳೂ ದೇಹದಂಡನೆಯೂ ಜ್ಞಾನದಂತೆ ಕಾಣುತ್ತವೆ, ಆದರೆ ಅವುಗಳಿಂದ ಪ್ರಯೋಜನವಿಲ್ಲ ಎಂದು ಪೌಲ ಬರೆಯುತ್ತಾನೆ. ಅನೊರೆಕ್ಸಿಯಾ ಇರುವವರ ದಿನಚರಿಯನ್ನು ನೋಡಿಯೇ ಬರೆದಂತಿದೆ. ಇನ್ನು ಹೊಟ್ಟೆಬಾಕ ಎಂಬ ಬೈಗುಳ ನಿಮ್ಮನ್ನು ಚುಚ್ಚಿದರೆ, ಅದೇ ಬೈಗುಳವನ್ನು ಯೇಸುವೂ ತಿಂದಿದ್ದನೆಂದು ನೆನಪಿರಲಿ (ಮತ್ತಾಯ 11:19).

ಪಾಪನಿವೇದನೆಯೇ ಚಟವಾಗುವುದೂ ಉಂಟು. ಊಟದ ಬಗ್ಗೆ ದಿನಕ್ಕೆ ಹತ್ತು ಸಲ ಕ್ಷಮೆ ಕೇಳುತ್ತಿದ್ದರೆ ಅದನ್ನು ಚಿಕಿತ್ಸಕರಿಗೆ ತಿಳಿಸಿ. ಅದೂ ಚಿಕಿತ್ಸೆಗೆ ಒಳಪಡಬೇಕಾದ ಲಕ್ಷಣ.

6. ಕೆಲವು ವಚನಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ

ಸತ್ಯವೇದವನ್ನು ಬಿಡಿ ಎನ್ನುತ್ತಿಲ್ಲ. ಕಾಯಿಲೆ ಚಾಕುವಿನಂತೆ ಬಳಸುವ ವಚನಗಳನ್ನು ಒಬ್ಬರೇ ಕುಳಿತು ಧ್ಯಾನಿಸಬೇಡಿ, ಅಷ್ಟೇ. ದೇಹವು ಪವಿತ್ರಾತ್ಮನ ಗರ್ಭಗುಡಿ ಎಂಬ ಮಾತು (1 ಕೊರಿಂಥ 6:19) ಜಾರತ್ವದ ಚರ್ಚೆಯಲ್ಲಿ ಬಂದದ್ದು, ಸೊಂಟದ ಸುತ್ತಳತೆಯ ಚರ್ಚೆಯಲ್ಲಲ್ಲ. ದೇಹವನ್ನು ಜಜ್ಜಿ ಸ್ವಾಧೀನಪಡಿಸಿಕೊಳ್ಳುವ ಪೌಲನ ಮಾತೂ (1 ಕೊರಿಂಥ 9:27) ಜ್ಞಾನೋಕ್ತಿ 23ರ ಊಟದ ಎಚ್ಚರಿಕೆಯೂ ಗುಣವಾದ ಮೇಲೆ ನೋಡಿದರಾಯಿತು.

ಬದಲಿಗೆ ಹನ್ನಳನ್ನು ಓದಿ. ದುಃಖದಿಂದ ಊಟ ಬಿಟ್ಟಿದ್ದವಳು ದೇವರ ಮುಂದೆ ಮನಸ್ಸು ಬಿಚ್ಚಿದ ಮೇಲೆ ಹೋಗಿ ಊಟಮಾಡಿದಳು, ಮುಖದ ದುಃಖ ಹೋಯಿತು (1 ಸಮುವೇಲ 1:18). ಆಗ ಆಕೆಗೆ ಮಗು ಹುಟ್ಟಿರಲಿಲ್ಲ, ಏನೂ ಬದಲಾಗಿರಲಿಲ್ಲ. ಯಾಯೀರನ ಹನ್ನೆರಡು ವರ್ಷದ ಮಗಳನ್ನು ಓದಿ. ಸತ್ತವಳನ್ನು ಎಬ್ಬಿಸಿದ ಯೇಸು, ಸುತ್ತ ಇದ್ದವರು ಬೆರಗಿನಲ್ಲಿ ನಿಂತಿರುವಾಗ, ಆಕೆಗೆ ತಿನ್ನಲು ಏನಾದರೂ ಕೊಡಿ ಎಂದ (ಮಾರ್ಕ 5:43). ಒಂದು ವಾರಕ್ಕೆ ಒಂದೇ ವಚನವನ್ನು ಕಾಗದದಲ್ಲಿ ಬರೆದು ತಟ್ಟೆಯ ಪಕ್ಕ ಇಟ್ಟುಕೊಳ್ಳಿ. ಹತ್ತು ವಚನ ಬಾಯಿಪಾಠ ಮಾಡುವ ಗುರಿ ಹಾಕಿಕೊಂಡರೆ ಅದೂ ಎಣಿಕೆಯ ಆಟವಾಗುತ್ತದೆ.

7. ಸಭೆಯೊಂದಿಗೆ ಹೇಗೆ ನಡೆದುಕೊಳ್ಳಬೇಕು

ಸಭಾಪಾಲಕರಿಗೆ ಹೇಳುವುದಾದರೆ ಬೇಕಾದ್ದನ್ನು ಸ್ಪಷ್ಟವಾಗಿ ಕೇಳಿ: ನನ್ನ ಮೈ ಬಗ್ಗೆ, ಕಳೆ ಬಂತು ಎಂಬ ಹೊಗಳಿಕೆಯನ್ನೂ ಸೇರಿಸಿ, ಯಾರೂ ಮಾತನಾಡದಿರಲಿ. ಸಭೆಯ ಉಪವಾಸಕ್ಕೆ ನನ್ನನ್ನು ಕರೆಯಬೇಡಿ. ನನ್ನ ಹೆಸರು ಪ್ರಾರ್ಥನಾ ಪಟ್ಟಿಯಲ್ಲಿ ಬಾರದಿರಲಿ. ದೆವ್ವ ಬಿಡಿಸುತ್ತೇವೆ, ಔಷಧ ನಿಲ್ಲಿಸು ಎನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಚಿಕಿತ್ಸೆಯ ಜೊತೆಗೆ ಪ್ರಾರ್ಥಿಸುವವರನ್ನು ಹಿಡಿದುಕೊಳ್ಳಿ.

ಪ್ರಭುಭೋಜನದ ರೊಟ್ಟಿಗೂ ಹೆದರುವವರಿದ್ದಾರೆ. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು, ಅನುಭವಿಸುವವರಿಗೆ ನರಕ. ಚಿಕ್ಕ ತುಣುಕು ಕೊಡಲು ಮೊದಲೇ ಕೇಳಿಕೊಳ್ಳಿ. ಯೋಜನೆಯಲ್ಲಿ ಇಲ್ಲದ ಆಹಾರವೆಂದು ಅದನ್ನು ಲೆಕ್ಕಕ್ಕೆ ಸೇರಿಸಿ ಮುಂದಿನ ಊಟದಿಂದ ಕಳೆಯಬೇಡಿ. ಒಂದು ಭಾನುವಾರ ಆಗಲೇ ಇಲ್ಲವೆಂದರೆ ಸುಮ್ಮನೆ ಕುಳಿತಿರಿ, ದೇವರ ಮೇಜು ಎಲ್ಲಿಗೂ ಓಡಿಹೋಗುವುದಿಲ್ಲ.

ಸ್ವಲ್ಪ ಚೇತರಿಸಿಕೊಂಡೊಡನೆ ಸಾಕ್ಷಿ ಹೇಳಿ ಎಂಬ ಒತ್ತಾಯ ಬರುತ್ತದೆ. ಒಪ್ಪಿಕೊಳ್ಳಬೇಡಿ. "ಬಿಡುಗಡೆಯಾಯಿತು" ಎಂದು ವೇದಿಕೆಯಲ್ಲಿ ಹೇಳಿದವರಿಗೆ ಮರುವಾರ ಎಡವಿದರೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ.

8. ಎಡವಿದಾಗ

ಎಡವುತ್ತೀರಿ. ಗುಣವಾಗಲು ಹಲವರಿಗೆ ವರ್ಷಗಳೇ ಹಿಡಿಯುತ್ತವೆ. ಊಟ ತಪ್ಪಿತು, ವಿಪರೀತ ತಿಂದಿರಿ, ವಾಂತಿ ಮಾಡಿಕೊಂಡಿರಿ: ಮಾಡಬೇಕಾದ್ದು ಒಂದೇ, ಮುಂದಿನ ಊಟವನ್ನು ಅದರ ಹೊತ್ತಿಗೆ, ಅದರ ಅಳತೆಯಲ್ಲಿ ಉಣ್ಣುವುದು. ಸರಿದೂಗಿಸಲು ಕಡಿಮೆ ಮಾಡಬೇಡಿ. ಕರ್ತನ ಕರುಣೆ ದಿನದಿನವೂ ಬೆಳಿಗ್ಗೆ ಹೊಸದು ಎನ್ನುತ್ತದೆ ಪ್ರಲಾಪಗಳ ಗ್ರಂಥ. "ಸೋಮವಾರದಿಂದ ಹೊಸದಾಗಿ ಶುರು" ಎಂಬ ಯೋಚನೆ ಮಾತ್ರ ಡಯಟ್‌ನದು. ನಡೆದದ್ದನ್ನು ನಿಮ್ಮ ಆ ಒಬ್ಬರಿಗೆ ಅದೇ ದಿನ ತಿಳಿಸಿ. ಪದೇ ಪದೇ ಆಗುತ್ತಿದ್ದರೆ ಚಿಕಿತ್ಸೆಯ ಮಟ್ಟ ಹೆಚ್ಚಿಸಬೇಕೆಂದು ಅರ್ಥ. ಆಸ್ಪತ್ರೆ ಸೇರಬೇಕಾಗಿ ಬಂದರೆ ಅದು ನಂಬಿಕೆಯ ಸೋಲಲ್ಲ.

9. ಜೊತೆಗಿರುವವರಿಗೆ

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ಹಡಗೊಂದಿದೆ. ಅದರಲ್ಲಿ 276 ಮಂದಿಯಿದ್ದರು, ಹದಿನಾಲ್ಕು ದಿನಗಳಿಂದ ಸರಿಯಾಗಿ ಉಂಡಿರಲಿಲ್ಲ. ಪೌಲ ಅವರಿಗೆ ತಿನ್ನಿರೆಂದು ಹೇಳಿ ಅಷ್ಟಕ್ಕೇ ಬಿಡಲಿಲ್ಲ. ಎಲ್ಲರ ಮುಂದೆ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಹೇಳಿ, ಮುರಿದು ತಾನೇ ತಿನ್ನಲಾರಂಭಿಸಿದ. ಆಮೇಲೆ ಅವರೆಲ್ಲ ಧೈರ್ಯ ತಂದುಕೊಂಡು ತಿಂದರು. ನಿಮ್ಮ ಕೆಲಸವೂ ಇದೇ. ಪಕ್ಕದಲ್ಲಿ ಕುಳಿತು ನೀವೂ ಉಣ್ಣಿ. ತುತ್ತು ಎಣಿಸಬೇಡಿ, ತಟ್ಟೆಯನ್ನು ದಿಟ್ಟಿಸಬೇಡಿ, ಊಟದ ಮೇಜಿನಲ್ಲಿ ಕಾಯಿಲೆಯ ಮಾತು ಎತ್ತಬೇಡಿ. "ಸ್ವಲ್ಪ ನಂಬಿಕೆ ಇಟ್ಟು ತಿಂದುಬಿಡು", "ತಿನ್ನಲು ಇಲ್ಲದವರು ಎಷ್ಟೋ ಜನ" ಎಂಬ ಮಾತುಗಳು ನಾಚಿಕೆಯನ್ನು ಹೆಚ್ಚಿಸುತ್ತವೆಯೇ ಹೊರತು ತುತ್ತನ್ನು ಇಳಿಸುವುದಿಲ್ಲ. ನಿಮ್ಮ ಸ್ವಂತ ತೂಕದ ಗೊಣಗಾಟವನ್ನೂ ಮನೆಯಲ್ಲಿ ನಿಲ್ಲಿಸಿ.

ಕಾಯಿಲೆ ಇರುವುದು ಮಗುವಿಗೆ ಅಥವಾ ಹದಿಹರೆಯದವರಿಗೆ ಎಂದಾದರೆ ಕಾದು ನೋಡಬೇಡಿ. ಗುಣವಾಗುವವರೆಗೆ ಊಟದ ನಿರ್ಧಾರಗಳನ್ನು ತಂದೆತಾಯಿಯೇ ವಹಿಸಿಕೊಂಡು, ಚಿಕಿತ್ಸಕರ ನೆರವಿನಿಂದ ತಿನ್ನಿಸಿ, ಹಂತಹಂತವಾಗಿ ಆ ಹೊಣೆಯನ್ನು ಮಗುವಿಗೆ ಮರಳಿಸುವ ಕುಟುಂಬ ಆಧಾರಿತ ಚಿಕಿತ್ಸೆಯಿದೆ. ಎಳೆಯರ ಅನೊರೆಕ್ಸಿಯಾಕ್ಕೆ ಚೆನ್ನಾಗಿ ಪರೀಕ್ಷಿಸಿ ನೋಡಿರುವ ಕ್ರಮ ಅದು. ವೈದ್ಯರನ್ನು ಮೊದಲ ಸಲ ಕಂಡಾಗಲೇ ಅದರ ಬಗ್ಗೆ ವಿಚಾರಿಸಿ.